ಕಿಟಕಿ ಪಕ್ಕದ ಕುರ್ಚಿ ಖಾಲಿಯಾದದ್ದು

ಬೇರೆಯವರ ಕೆಲಸದಲ್ಲಿ ಮೂಗು ತೂರಿಸುವವರನ್ನು ಇಂಥ ಪ್ರಸಂಗಗಳು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತವೆ. ಅಮೆರಿಕದ ಟೆಕ್ಸಸ್‌ನ ಸೈಪ್ರೆಸ್ ಎಂಬ ಊರಿನಲ್ಲಿ ನನ್ನದೊಂದು ಸಲೂನ್ ಇದೆ. ನಾನು ಕತ್ತರಿ ಹಿಡಿಯುವವಳಲ್ಲ. ಹಿಡಿಯುವವರಿಗೆ ನಾಲ್ಕು ಕುರ್ಚಿ ಬಾಡಿಗೆಗೆ ಕೊಟ್ಟವಳು. ಕುರ್ಚಿ ಹಿಡಿದವರಿಗೆ ಅವರೇ ಯಜಮಾನರು. ಗಿರಾಕಿ, ಹೊತ್ತುಗೊತ್ತು, ಕತ್ತರಿ ಎಲ್ಲ ಅವರವೇ. ನಾನು ಸುಮ್ಮನಿದ್ದರೆ ಸಾಕು. ಆದರೆ ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ.

ಕಿಟಕಿ ಪಕ್ಕದ ಕುರ್ಚಿ ಹಿಡಿದಿದ್ದವಳು ಹುಬ್ಬಳ್ಳಿ ಹುಡುಗಿ. ಒಳ್ಳೆಯ ಕೈಗುಣ. ಅವಳು ನಾಲ್ಕು ಕಾಲ ಇಲ್ಲೇ ಇರಲಿ ಎಂದು ಆಸೆಪಟ್ಟವಳು ನಾನು, ಓಡಿಸಿದವಳೂ ನಾನೇ.

ಮಂಗಳವಾರದ ಗಿರಾಕಿ

ಒಮ್ಮೆ ಅವಳು ಒಳಗೆ ಊಟ ಮಾಡುತ್ತಿದ್ದಾಗ ಅವಳ ಗಿರಾಕಿ, ಆರಡಿ ಎತ್ತರದ ಟೆಕ್ಸಸ್ ಮನುಷ್ಯ, ಬಂದ. ಅಂದು ಮಂಗಳವಾರ, ಸಾಲದ್ದಕ್ಕೆ ಅಮಾವಾಸ್ಯೆ. ಇವತ್ತು ಕೂದಲು ಕತ್ತರಿಸುವಂತಿಲ್ಲ, ನಾಳೆ ಬನ್ನಿ ಎಂದು ಹೇಳಿ ಕಳಿಸಿದೆ. ಪಾಪ, ಅದೇನೋ ಸರ್ಕಾರದ ಹೊಸ ಕಾನೂನು ಎಂದುಕೊಂಡು ನನ್ನಲ್ಲೇ ಕ್ಷಮೆ ಕೇಳಿ ಹೋದ.

"ಆಂಟಿ, ಅಂವಗ ಎಲ್ಲಿ ಅಮಾಸಿರೀ?" ಎಂದಳು ಹುಡುಗಿ. ಅವನು ಮತ್ತೆ ಯಾವ ವಾರವೂ ಬರಲಿಲ್ಲ.

ಅರ್ಧ ಜಡೆ

ಇನ್ನೊಮ್ಮೆ ಒಬ್ಬ ಬೆಂಗಳೂರಿನ ತಾಯಿ ಹೈಸ್ಕೂಲಿನ ಮಗಳನ್ನು ಕರೆತಂದರು. ಕೂದಲು ಸೊಂಟದವರೆಗೆ, ಮಗಳಿಗೆ ಹೆಗಲಿನವರೆಗೆ ಸಾಕಂತೆ. ಹುಬ್ಬಳ್ಳಿ ಹುಡುಗಿ ಒಂದು ಪಕ್ಕ ಕತ್ತರಿಸಿ ಆಗಿತ್ತು. ನಾನು ಕೌಂಟರಿನಿಂದಲೇ, ಇಂಥ ಜಡೆ ಹೋದರೆ ಮತ್ತೆ ಬರುತ್ತದೆಯೇ ಎಂದೆ. ತಾಯಿಯ ಕಣ್ಣು ತುಂಬಿತು. ಅವರು ಕನ್ನಡದಲ್ಲಿ ನಿಲ್ಲಿಸು ಎಂದರು, ಮಗಳು ಇಂಗ್ಲಿಷಿನಲ್ಲಿ ಮುಂದುವರಿಸು ಎಂದಳು. ಜಗಳ ಜೋರಾಗಿ, ಮಗಳು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಇರುವಂತೆಯೇ ಎದ್ದು ಹೋದಳು.

ಮುಂದಿನ ವಾರ ಅವಳ ಇಬ್ಬರು ಗೆಳತಿಯರು ಅದೇ ಸ್ಟೈಲ್ ಬೇಕೆಂದು ಬಂದರು. ನಾನು ನಕ್ಕೆ. ಕಿಟಕಿ ಪಕ್ಕದಿಂದ ನಗು ಕೇಳಿಸಲಿಲ್ಲ. ಅಂದೇ ನಾನು ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ಆಯುಧಪೂಜೆ

ಬಾಯಿ ಮುಚ್ಚಿಕೊಂಡೆ, ಕೈ ಸುಮ್ಮನಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹುಬ್ಬಳ್ಳಿ ಹುಡುಗಿಯ ಕತ್ತರಿ, ಡ್ರೈಯರ್, ಬಾಚಣಿಗೆ ಒಂದನ್ನೂ ಬಿಡದೆ ಕುಂಕುಮ ಹಚ್ಚಿದೆ. ಅವಳು ಖುಷಿಪಡಲಿ, ಹಳೆಯದನ್ನು ಮರೆಯಲಿ ಎಂಬುದಷ್ಟೇ ನನ್ನ ಆಸೆ. ಅವಳು ಕತ್ತರಿ ಒರೆಸಿಕೊಂಡಳು, ಬಾಚಣಿಗೆಯ ಹಿಂಬದಿ ನೋಡಲಿಲ್ಲ. ಒಬ್ಬ ಅಮೆರಿಕನ್ ಹೆಂಗಸಿನ ಆಗತಾನೇ ಬ್ಲೀಚ್ ಮಾಡಿದ ಒದ್ದೆ ಕೂದಲಿಗೆ ಬೈತಲೆ ತೆಗೆದಾಗ ನಡುನೆತ್ತಿಯಲ್ಲಿ ಕೆಂಪು ಗೆರೆ ಮೂಡಿತು.

ಗಿರಾಕಿಯನ್ನು ಸಮಾಧಾನ ಮಾಡಲು ನಾನೇ ಓಡಿದೆ. ನಮ್ಮಲ್ಲಿ ಗಂಡ ಇರುವವರು ಮಾತ್ರ ಹೀಗೆ ಇಟ್ಟುಕೊಳ್ಳುವುದು, ತುಂಬಾ ಶುಭ ಎಂದೆ. ಡೈವೋರ್ಸ್ ಆಗಿ ಎರಡು ವಾರವಾಯಿತು, ಆ ಖುಷಿಗೇ ಬಣ್ಣ ಹಾಕಿಸಲು ಬಂದದ್ದು ಎಂದಳು ಆಕೆ.

ತಿಂಗಳ ಕೊನೆಗೆ ಹುಬ್ಬಳ್ಳಿ ಹುಡುಗಿ ಸಾಮಾನು ಕಟ್ಟಿದಳು. ತಪ್ಪಾಯಿತು, ಇನ್ನು ನಿನ್ನ ತಂಟೆಗೆ ಬರುವುದಿಲ್ಲ ಎಂದೆ. ಹಾಗೆಯೇ, ಡ್ರೈಯರ್ ಅನ್ನು ಪೆಟ್ಟಿಗೆಯ ತಳಕ್ಕೆ ಇಡಬೇಡ, ಬಾಟಲಿಗಳಿಗೆ ಪೇಪರ್ ಸುತ್ತು ಎಂದೂ ಹೇಳಿದೆ.

ಅವಳು ಪೆಟ್ಟಿಗೆ ಮುಚ್ಚಿ ನನ್ನನ್ನು ನೋಡಿದಳು. "ಕುರ್ಚಿ ನನಗ ಬಾಡಿಗಿ ಕೊಟ್ರಿ ಖರೆ ಆಂಟಿ, ಆದ್ರ ಅದರ ಮ್ಯಾಲಿಂದ ನೀವು ಒಂದ್ ದಿನಾನೂ ಏಳ್ಲಿಲ್ರಿ."

ಆಗಲೇ ಗಮನಿಸಿದ್ದು, ಅಷ್ಟು ಹೊತ್ತೂ ನಾನು ಅವಳ ಕುರ್ಚಿಯಲ್ಲೇ ಕೂತಿದ್ದೆ.