ಸ್ವಲ್ಪ ಆಚೆ ಸರೀರಿ ಮಾರಾಯ್ರೆ

ಗಂಡನ ಗೊರಕೆಯ ಬಗ್ಗೆ ದೂರು ಹೇಳುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೆ ಗೊರಕೆ ನಿಂತರೆ ನೆಮ್ಮದಿ. ನನಗೆ ಅದು ನಿಂತರೆ ಎದೆ ಧಸಕ್ಕೆನ್ನುತ್ತದೆ. ನಮ್ಮವರದ್ದು ಘಾಟಿ ಹತ್ತುವ ಬಸ್ಸಿನಂತೆ ಗುರುಗುಟ್ಟುತ್ತ ಹೋಗಿ, ನಡುವೆ ಒಮ್ಮೆಲೇ ಬಂದ್. ಗೊರಕೆಯ ಜೊತೆ ಉಸಿರೂ ಬಂದ್. ಆಮೇಲೆ ಬೆಚ್ಚಿಬಿದ್ದಂತೆ ಮತ್ತೆ ಶುರು. ಆ ನಡುವಿನ ಹೊತ್ತಿನಲ್ಲಿ ನಾನು ಹೇಳಿಕೊಳ್ಳದ ಹರಕೆಯಿಲ್ಲ.

ಪುತ್ತೂರಿನ ಡಾಕ್ಟರು ಎಲ್ಲ ಕೇಳಿ, "ಅಂಗಾತ ಮಲಗಿದಾಗ ಗಂಟಲು ಮುಚ್ಚಿಹೋಗುದು ಅಮ್ಮ. ಹೃದಯಕ್ಕೆ ಒಳ್ಳೆದಲ್ಲ. ಗುಳಿಗೆ ಕೊಟ್ಟು ಪ್ರಯೋಜನ ಇಲ್ಲ. ಬನಿಯನಿನ ಬೆನ್ನಿಗೆ ಒಂದು ಜೇಬು ಹೊಲಿದು ಟೆನ್ನಿಸ್ ಚೆಂಡು ಹಾಕಿ. ಒತ್ತಿದಾಗ ತಾನಾಗಿ ಮಗ್ಗುಲಾಗ್ತಾರೆ" ಎಂದರು. ಕೇಳಲಿಕ್ಕೆ ಸುಲಭ. ಆದರೆ ನಮ್ಮವರಿಗೆ ಮರೆವಿನ ಕಾಯಿಲೆಯೂ ಇದೆ. ಪುತ್ತೂರಿನಿಂದ ಸುಳ್ಯ, ಅರಂತೋಡಿಗೆ ಹೋಗುವ ಬಸ್ಸಿನಲ್ಲಿ ಬದುಕಿಡೀ ಕಂಡಕ್ಟರಾಗಿದ್ದವರು. ಈಗ ಊಟ ಮಾಡಿದ್ದು ಮರೆಯುತ್ತದೆ, ನನ್ನ ಹೆಸರು ಮರೆಯುತ್ತದೆ, ಬಸ್ಸೊಂದು ಮರೆಯುವುದಿಲ್ಲ.

ನಾನು ಅವರ ಹಳೆಯ ಪ್ಯಾಂಟಿನಿಂದ ಖಾಕಿ ತುಂಡು ಕತ್ತರಿಸಿ ಬಲವಾದ ಜೇಬು ಹೊಲಿದೆ. ಎಡವಟ್ಟಾದದ್ದು ಅಲ್ಲೇ. ರೇಡಿಯೋದಲ್ಲಿ ಮಧ್ಯಾಹ್ನದ ವಾರ್ತೆ ಮುಗಿದು ಮಲಗುವಾಗ ಇವರು ಬೆನ್ನು ತಡವಿ ನೋಡಿದರು. ಖಾಕಿ, ಒಳಗೆ ಏನೋ ದಪ್ಪಗೆ. "ಬ್ಯಾಗು ಹಿಂದೆ ಹಾಕಿದ್ದು ಯಾರು? ಕಿಸೆಕಳ್ಳರಿಗೆ ಒಳ್ಳೆದಾಯಿತು!" ಎಂದು ಬನಿಯನನ್ನು ಬಿಚ್ಚಿ, ಹಿಂದುಮುಂದು ಮಾಡಿ ಹಾಕಿಕೊಂಡರು. ಆಮೇಲೆ ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನೆಟ್ಟಗೆ ಅಂಗಾತ ಮಲಗಿದರು. ಮೊದಲಾದರೂ ಆಗೀಗ ಮಗ್ಗುಲಾಗುತ್ತಿದ್ದರು. ಈಗ ಅದೂ ಇಲ್ಲ. ಆಚೆಮನೆಯ ಲಲಿತಕ್ಕ ಬಂದವಳು ನೋಡಿ, "ಇದೆಂತ ಮಾರಾಯ್ತಿ, ನೀನು ಮದ್ದು ಕೊಟ್ಟದ್ದೋ, ಡ್ಯೂಟಿ ಕೊಟ್ಟದ್ದೋ?" ಎಂದಳು.

ಅವಳು ನಗುತ್ತಿರುವಾಗಲೇ ಉಸಿರು ನಿಂತಿತು. ಅಲುಗಾಡಿಸಿದರೆ ಇವರಿಗೆ ಕೆಟ್ಟ ಕೋಪ, "ಮೈ ಮುಟ್ಟುದು ಯಾರು?" ಎಂದು ಕೈ ಬೀಸುತ್ತಾರೆ. ಹೆದರಿಕೆಯಲ್ಲಿ ನನ್ನ ಬಾಯಿಗೆ ಬಂದದ್ದು ಬಸ್ಸಿನಲ್ಲಿ ಅವರೇ ಹೇಳುತ್ತಿದ್ದ ಮಾತು: "ಸ್ವಲ್ಪ ಆಚೆ ಸರೀರಿ ಮಾರಾಯ್ರೆ, ಅರಂತೋಡಿನವರು ಒಬ್ಬರು ಕೂತುಕೊಳ್ಳಲಿ!" ಬದುಕಿಡೀ ಬೇರೆಯವರನ್ನು ಸರಿಸಿದವರು, ಕಣ್ಣು ಬಿಡದೆ, ಮರ್ಯಾದೆಯಿಂದ ಗೋಡೆಯ ಕಡೆ ಸರಿದು ಮಗ್ಗುಲಾದರು. ಗೊರಕೆ ಶುರುವಾಯಿತು. ಅಷ್ಟು ಇಂಪಾದ ಸದ್ದನ್ನು ನಾನು ಬೇರೆ ಕೇಳಿಲ್ಲ.

ಅಂದಿನಿಂದ ಅದೇ ಮದ್ದು. ಆದರೆ ಅದನ್ನು ಕೊಡಲು ಪಕ್ಕದಲ್ಲಿ ಎಚ್ಚರವಿರಬೇಕಲ್ಲ! ಕಾದು ಕಾದು ಸುಸ್ತಾಗಿ ಮೊನ್ನೆ ಮಧ್ಯಾಹ್ನ ನಾನೇ ಅವರ ಪಕ್ಕದಲ್ಲಿ ಅಂಗಾತ ಬಿದ್ದು ನಿದ್ದೆಹೋದೆ. ಯಾರೋ ಮಂಚ ತಟ್ಟಿದಂತಾಗಿ ಕಣ್ಣು ಬಿಟ್ಟರೆ, ಇವರು ಎದ್ದು ಕೂತಿದ್ದಾರೆ, ಚೆಂಡು ಎದೆಯ ಮೇಲೆ.

"ಅಮ್ಮ, ಸ್ವಲ್ಪ ಆಚೆ ಸರೀರಿ. ನಿಮ್ಮ ಗೊರಕೆಯಲ್ಲಿ ಇಂಜಿನಿನ ಸದ್ದೇ ಕೇಳುದಿಲ್ಲ ಅಂತ ಡ್ರೈವರು ಹೇಳ್ತಾ ಇದ್ದಾರೆ."

ನನ್ನ ಗೊರಕೆಯಂತೆ! ಸಿಟ್ಟು ಬಂತು. ಗುರುತು ಸಿಗದೆ 'ಅಮ್ಮ' ಎಂದರಲ್ಲ ಎಂದು ದುಃಖವೂ ಬಂತು.

"ಎಲ್ಲಿ ಇಳಿಯುದು?" ಎಂದು ಕೇಳಿದರು.

"ನೀವು ಇಳಿಯುವಲ್ಲೇ" ಎಂದೆ.

"ಹಾಗಾದರೆ ತುಂಬ ದೂರ ಉಂಟು. ಮಲಗಿ. ಸ್ಟಾಪ್ ಬಂದಾಗ ನಾನು ಎಬ್ಬಿಸ್ತೇನೆ."

ಅವರ ಉಸಿರು ಕಾಯಬೇಕಾದವಳು ನಾನು. ಆದರೂ ಅಷ್ಟು ನಿಶ್ಚಿಂತೆಯ ಮಾತು ಕೇಳಿ ಎಷ್ಟು ಕಾಲವಾಗಿತ್ತೋ, ಕಣ್ಣೊರೆಸಿಕೊಂಡು ಸರಿದು ಮಲಗಿದೆ. ಸಂಜೆ ಲಲಿತಕ್ಕ ಹೇಳಿದಳು, ನನ್ನ ಗೊರಕೆ ಅವಳ ಅಡುಗೆಮನೆಗೂ ಕೇಳುತ್ತಿತ್ತಂತೆ. ಖಾಕಿ ತುಂಡು ಇನ್ನೂ ಸ್ವಲ್ಪ ಉಳಿದಿದೆ. ನನ್ನ ರವಿಕೆಯ ಬೆನ್ನಿಗೆ ಸಾಕಾದೀತು.