ಗೋಡೆಗೆ ಮಾತಾಡುವ ಟೀವಿ

ನಮ್ಮ ಕಾಕಾ ಟೀವಿ ನೋಡುವುದಿಲ್ಲ, ಟೀವಿಯೊಂದಿಗೆ ಜಗಳವಾಡುತ್ತಾರೆ. ಅದೂ ಅದರ ದನಿಯೊಂದಿಗೆ ಮಾತ್ರ. ಚಿತ್ರ ಹಸಿರಾಗಲಿ, ಅಡ್ಡಡ್ಡ ಗೆರೆ ಬರಲಿ, ಅವರಿಗೆ ಬೇಸರವಿಲ್ಲ. ಇಂಥವರ ಕಾಂದಿವಲಿಯ ಪುಟ್ಟ ಫ್ಲ್ಯಾಟಿನ ಹಾಲ್‌ನಲ್ಲಿ ಕೂತು ನಾನು ಪಿಎಚ್.ಡಿ. ಬರೆಯುತ್ತಿದ್ದೇನೆ. ಪದವಿಯನ್ನು ಹಾಗೇ ಕೊಟ್ಟುಬಿಡಬಾರದೆ?

ಹಳೆಯ ಡಬ್ಬಾ ಟೀವಿ ಕೆಟ್ಟು ತೆಳ್ಳನೆಯ ಹೊಸದು ಬಂದಾಗಿನಿಂದ ಈ ಯುದ್ಧ. ಸಂಜೆ ಧಾರಾವಾಹಿಯ ಹೊತ್ತಿಗೆ ಕಾಕೂ ಅಡುಗೆಮನೆಯಲ್ಲಿ ಬಿಲ್ಡಿಂಗಿನವರ ಆರ್ಡರಿಗೆ ಜೋಳದ ರೊಟ್ಟಿ ಬಡಿಯುತ್ತಿರುತ್ತಾರೆ. ನಡುನಡುವೆ ಒಳಗಿನಿಂದ, "ಏನಂದ್ಳರೀ ಆಕಿ?" ಎಂದು ಕೇಳುತ್ತಾರೆ. ಕಾಕಾ ದನಿ ಏರಿಸುತ್ತಾರೆ. ಸಂಗೀತ ಬಂದರೆ ಕಿಟಕಿ ಗಾಜು ನಡುಗುತ್ತದೆ, ಮಾತು ಬಂದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ನನ್ನ ಅಧ್ಯಾಯ ಇದ್ದಲ್ಲೇ ಇರುತ್ತದೆ.

ಒಂದು ಸಂಜೆ ಬಂದು ನೋಡಿದರೆ ಟೀವಿ ಶಿಕ್ಷೆಗೆ ಒಳಗಾದ ಶಾಲೆಯ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಕಾಕಾ ಅದರ ಬೆನ್ನನ್ನೇ ನೋಡುತ್ತ ಕೂತಿದ್ದರು.

"ಸ್ಪೀಕರ್ ಬೆನ್ನಾಗ ಇಟ್ಟಾರ, ಶಾಣ್ಯಾರು. ನಮಗ ಮಾರಿ ತೋರಿಸಿ ಗ್ವಾಡಿ ಮುಂದ ಮಾತಾಡ್ತೈತಿ."

"ಮತ್ತ ನೋಡೂದು ಹ್ಯಾಂಗ ಕಾಕಾ?"

"ನೋಡೂದೇನೈತಿ? ಅದ ಅತ್ತಿ, ಅದ ಸೊಸಿ."

ಸಿಟ್ಟು ಬಂತು. ಅವರು ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ಬಂತು. ತೆಳ್ಳಗೆ ಮಾಡುವ ಭರದಲ್ಲಿ ಮಾತಿಗೆ ಜಾಗವನ್ನೇ ಉಳಿಸಿಲ್ಲ. ಸೊಸೆಯ ಮೂಗುತಿಯ ಹರಳು ಎಣಿಸಬಹುದು, ಅವಳೇನು ಹೇಳಿದಳೋ ದೇವರೇ ಬಲ್ಲ.

ಮುಂದಿನ ಭಾನುವಾರ ಕಾಕಾ ನನ್ನನ್ನು ಅಂಧೇರಿಯ ದೊಡ್ಡ ಅಂಗಡಿಗೆ ಎಳೆದೊಯ್ದರು. ಅಲ್ಲಿ ಟೀವಿಗಳಿಗೆ ಬೆನ್ನು ಹಾಕಿ ನಿಂತು, ನನ್ನ ಕೈಗೊಂದು ಖಾಲಿ ರಟ್ಟಿನ ಡಬ್ಬ ಕೊಟ್ಟು "ಬಡಿ" ಎಂದರು. ಬಡಿದೆ.

"ಹಂಗಲ್ಲವಾ. ತಾಳ ಹಿಡದ ಬಡಿ, ಬಿಡಬ್ಯಾಡ."

ಇಡೀ ಅಂಗಡಿ ನಮ್ಮನ್ನೇ ನೋಡುತ್ತಿತ್ತು. ಸೇಲ್ಸ್‌ಮನ್ ಮೆಲ್ಲಗೆ, "ಮೇಡಮ್, ಕೋಯಿ ಪೂಜಾ ಹೈ ಕ್ಯಾ?" ಎಂದ. ಕಾಕಾ ಕಣ್ಣು ಮುಚ್ಚಿ ಕೇಳಿ, ಒಂದೊಂದಾಗಿ ಎಲ್ಲ ಟೀವಿಗಳನ್ನೂ ಫೇಲ್ ಮಾಡಿದರು. ವಾಪಸ್ ಬರುವಾಗ ನಾನು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿ ಹತ್ತಿದೆ. ಅಲ್ಲಿ ಜಾಗವಿತ್ತೆಂದಲ್ಲ.

ಹಾಸ್ಟೆಲ್ ಹುಡುಕಿದೆ. ಸಿಕ್ಕಿತು. ಹೇಳಿಬಿಡೋಣವೆಂದು ಮಾತುಗಳನ್ನು ಜೋಡಿಸಿಕೊಂಡು ಮನೆಗೆ ಬಂದರೆ ಹಾಲ್‌ನಲ್ಲಿ ಸದ್ದೇ ಇಲ್ಲ. ಟೀವಿ ಮತ್ತೆ ನಮ್ಮ ಕಡೆ ತಿರುಗಿತ್ತು. ಪರದೆಯ ಮೇಲೆ ಅತ್ತೆ ಸೊಸೆಯರು ಬರೀ ಬಾಯಿ ಆಡಿಸುತ್ತಿದ್ದರು. ಟೀವಿಯ ಬೆನ್ನಿಂದ ಹೊರಟ ವೈರೊಂದು ಬಾಗಿಲ ಚೌಕಟ್ಟು ಹತ್ತಿ ಇಳಿದು, ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲಿದ್ದ ಪುಟ್ಟ ಸ್ಪೀಕರನ್ನು ಸೇರಿತ್ತು.

"ಕಾಕಾ, ನಾ ಹಾಸ್ಟೆಲ್..."

ಅವರು ತುಟಿಗೆ ಬೆರಳಿಟ್ಟರು.

ಒಳಗಿನಿಂದ ಧಾರಾವಾಹಿಯ ಮಾತು ಪಿಸುದನಿಯಷ್ಟೇ ಬರುತ್ತಿತ್ತು, ಜೊತೆಗೆ ರೊಟ್ಟಿ ಬಡಿಯುವ ಸದ್ದು. ಅಂಗಡಿಯಲ್ಲಿ ರಟ್ಟಿನ ಡಬ್ಬ ಬಡಿದಾಗಿನಿಂದ ಆ ತಾಳ ನನ್ನ ಅಂಗೈಗೆ ಗೊತ್ತಿತ್ತು.

ಇದ್ದಕ್ಕಿದ್ದಂತೆ ಬಡಿತ ನಿಂತಿತು. ಪರದೆಯ ಮೇಲೆ ಸೊಸೆಯ ಕಣ್ಣು ತುಂಬಿತ್ತು. ಕಾಕಾ ಕುತ್ತಿಗೆ ಚಾಚಿ ಕೇಳಿದರು, "ಏನಂದ್ಳ ಆಕಿ?"

"ಸುಮ್ನ ಕೂಡ್ರಿ," ಒಳಗಿನಿಂದ ಕಾಕೂ. "ಆಮ್ಯಾಲ ಹೇಳ್ತೀನಿ."

ಕಾಕಾ ಸುಮ್ಮನೆ ಕೂತರು. ನಾನು ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಇಷ್ಟು ನಿಶ್ಶಬ್ದವಿದ್ದೂ ಒಂದು ಸಾಲೂ ಬರೆಯಲಾಗಲಿಲ್ಲ. ರೊಟ್ಟಿಯ ಬಡಿತ ಮತ್ತೆ ಶುರುವಾಗುವುದನ್ನು ನಾವಿಬ್ಬರೂ ಕಾಯುತ್ತಿದ್ದೆವು.