ಹೊನ್ನಾಳಿ ಕಡೆ ಹೋದ ಹುಲಿ

ಕೊಂಡ... ಕೊಂಡಿ... ಛೇ, ಬಾಯಿಗೇ ಬರುತ್ತಿಲ್ಲ. ನಾಲ್ಕು ಕೊಂಬಿನ ಸಣ್ಣ ಜಿಂಕೆ ಅದು. ಈ ನಾಗಪುರದಲ್ಲಿ ಅದರ ಕನ್ನಡದ ಹೆಸರನ್ನು ಯಾರಲ್ಲಿ ಕೇಳಲಿ? ಕಥೆ ಕೇಳಲು ಕೂತಿರುವ ಮೊಮ್ಮಗಳು ಪುಟ್ಟಿಗೂ ಗೊತ್ತಿಲ್ಲ. ಹೆಸರು ನೆನಪಾದಾಗ ಹೇಳುತ್ತೇನೆ. ಎಪ್ಪತ್ತರ ದಶಕ ಕಳೆದು ಎಂಬತ್ತು ಬರುತ್ತಿದ್ದ ಕಾಲ. ನಮ್ಮ ಮನೆಯವರು ಜಗಳೂರು ಕಡೆ ಫಾರೆಸ್ಟ್ ಗಾರ್ಡ್. ಸೊಕ್ಕೆ ಊರಿನ ಆಚೆಗಿನ ಸರ್ಕಾರಿ ಕಾವಲು, ಅಂದರೆ ಕುರುಚಲು ಕಾಡು, ಅವರ ಪಾಲಿಗೆ ಬಿದ್ದಿತ್ತು. ಕಾಡು ಕಾಯುವವರ ಮನೆಯಲ್ಲಿ ನಗುವುದಕ್ಕೆ ಬೇರೆ ಹಬ್ಬ ಬೇಕಿರಲಿಲ್ಲ.

೧. ಗೋಪುರ

ಪೇಟೆಯ ಜನ ಬಂದು ಪ್ರಾಣಿ ನೋಡಲಿ ಎಂದು ಕಾವಲಿನ ನಡುವೆ ಗೋಪುರ ಕಟ್ಟಿದರು. ನಮ್ಮವರ ಮೇಲಿನ ಸಾಹೇಬರು ಹತ್ತಿ, "ಪೊದೆ ಅಡ್ಡ ಬರುತ್ತೆ, ಕಡಿಸಿ" ಎಂದರು. ಕಡಿಸಿದ್ದಾಯಿತು. ಮತ್ತೆ ಹತ್ತಿದರು. ಬಸ್ಸಿನ ರಸ್ತೆಯವರೆಗೂ ಬಯಲು.

"ಪ್ರಾಣಿ ಎಲ್ಲಪ್ಪಾ?"

ಕುರಿ ಕಾಯುವ ಅಜ್ಜ ಕೆಳಗಿನಿಂದಲೇ ಹೇಳಿದ: "ಆ ಪೊದೆಯಾಗೇ ಇದ್ವು ಸಾಹೇಬ್ರೇ. ಈಗ ಅತ್ಲಾಗಿನ ಹಳ್ಳದಾಗೆ ಕುಂತು ನಿಮ್ಮನ್ನೇ ನೋಡಾಕತ್ತಾವೆ. ಗೋಪುರದ ಮ್ಯಾಗೆ ನೀವು ಚಂದಾಗಿ ಕಾಣ್ತೀರಿ."

೨. ಫಾರಂ

ಊರಿನ ಮುಖಂಡರೊಬ್ಬರಿಗೆ ಆ ಕಾವಲಿನಲ್ಲಿ ವಿಹಾರದ ಬಂಗಲೆ ಕಟ್ಟುವ ಆಸೆ. "ದೊಡ್ಡ ಪ್ರಾಣಿ ಇದ್ರೆ ಜಾಗ ಉಳಿಯುತ್ತೆ, ಇಲ್ಲದಿದ್ರೆ ಅವರಿಗೆ" ಎಂದು ಸಾಹೇಬರು ಗಣತಿಯ ಫಾರಂ ಕೊಟ್ಟರು. ನಮ್ಮವರು ನಾಲ್ಕು ದಿನ ಅಲೆದು ಆ ನಾಲ್ಕು ಕೊಂಬಿನವನ್ನು ಒಂಬತ್ತು ಕಂಡು ಬಂದರು. ಫಾರಮಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ! ಹುಲಿಗಿತ್ತು, ಆನೆಗಿತ್ತು.

"ಸೊನ್ನೆ ಬರೆದ್ರೆ ಕಾವಲು ಹೋತು ಕಣೇ" ಎಂದು ಊಟ ಬಿಟ್ಟು ಕೂತರು.

"ಹುಲಿ ಒಂದು, ಸದ್ಯ ಹೊನ್ನಾಳಿ ಕಡೆ ಹೋಗಿದೆ ಅಂತ ಬರೀರಿ" ಎಂದೆ.

"ಸುಳ್ಳಲ್ಲೇನೇ?"

"ಇಲ್ಲಿಲ್ಲ ಅನ್ನೋದಂತೂ ನಿಜ ಐತಲ್ರೀ!"

೩. ವರ್ಗಾವಣೆ

ಬರೆದೇಬಿಟ್ಟರು. ತಿಂಗಳೊಳಗೆ ಹೊನ್ನಾಳಿ ಕಡೆಯ ಗುಮಾಸ್ತರೊಬ್ಬರ ಪತ್ರ ಬಂತು: "ಸದರಿ ಹುಲಿಯು ಇಲ್ಲಿ ಹಾಜರಾಗಿಲ್ಲ. ಬಿಡುಗಡೆ ಆದೇಶದ ಪ್ರತಿ ಕಳುಹಿಸುವುದು." ನ್ಯಾಮತಿಯವರು "ಚನ್ನಗಿರಿಗೆ ಹೋಗಿರಬಹುದು" ಎಂದರು. ಚನ್ನಗಿರಿಯವರು "ನಮ್ಮಲ್ಲಿ ಸ್ಥಳ ಖಾಲಿ ಇರುವುದಿಲ್ಲ" ಎಂದರು. ಮೇಲಿನವರು ಷರಾ ಬರೆದರು: "ಹುಲಿಯ ವಿಚಾರ ಇತ್ಯರ್ಥವಾಗುವವರೆಗೆ ಜಾಗವನ್ನು ಯಾರಿಗೂ ಕೊಡತಕ್ಕದ್ದಲ್ಲ."

ಮುಖಂಡರು ಕೆಂಡವಾಗಿ ನಮ್ಮ ಮನೆಗೇ ಬಂದರು. "ಎಲ್ಲೈತ್ರೀ ಆ ಹುಲಿ? ತೋರಿಸ್ರಿ!"

ನಾನು ಮಜ್ಜಿಗೆ ತಂದಿಟ್ಟೆ. "ಕುಂದ್ರಿ ಗೌಡ್ರೇ, ಅದು ಬರೋ ಹೊತ್ತಾತು."

ಗೌಡರು ಮಜ್ಜಿಗೆ ಮುಟ್ಟಲಿಲ್ಲ. ಒಂದು ಚಪ್ಪಲಿ ನಮ್ಮ ಅಂಗಳದಲ್ಲೇ ಉಳಿಯಿತು.

ನಮ್ಮವರು ನಿವೃತ್ತರಾಗುವವರೆಗೂ ಹುಲಿ ಎಲ್ಲಿಯೂ ಹಾಜರಾಗಲಿಲ್ಲ. ಗೋಪುರದ ಸುತ್ತ ಪೊದೆ ಮತ್ತೆ ಬೆಳೆಯಿತು. ಹಳ್ಳಕ್ಕೆ ಹೋಗಿದ್ದ ನಾಲ್ಕು ಕೊಂಬಿನವು ವಾಪಸು ಬಂದವು. ಕಡೆಗೂ ಅವುಗಳ ಹೆಸರನ್ನು ಯಾವ ಕಾಗದದಲ್ಲೂ ಯಾರೂ ಬರೆಯಲಿಲ್ಲ.

ಹಾಂ, ಬಂತು! ಪುಟ್ಟೀ, ಪೆನ್ನು ತಗೊಳೇ, ಮರೆಯೋದ್ರೊಳಗೆ ಬರ್ಕೋ: ಕೊಂಡುಕುರಿ, ಒಂಬತ್ತು. ಹುಲಿದು ಬೇಡ, ಅದು ಫೈಲಿನಾಗೆ ಐತೆ.